ಪಾಲಕರಿಗೆ ಹೇಳಿದ್ದು, ಅಧ್ಯಕ್ಷರಿಗಲ್ಲ: ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದ ನಾಯಕಿ ನಿಜವಾದ ವ್ಯಕ್ತಿಯಲ್ಲ. ಧರ್ಮಶ್ರದ್ಧೆಯ ದಾರಿಯಲ್ಲೇ ನಡೆದು ಎಡಪಂಥಕ್ಕೆ ಬಂದವರು ಪಕ್ಷ ಕಟ್ಟಿದಾಗ ಯಾವ ಇಕ್ಕಟ್ಟುಗಳಿಗೆ ಸಿಲುಕುತ್ತಾರೆ ಎಂಬುದನ್ನು ಒಂದೇ ಬದುಕಿನಲ್ಲಿಟ್ಟು ನೋಡಲು ಕಟ್ಟಿಕೊಂಡ ಕಲ್ಪಿತ ಪ್ರಕರಣವಿದು. ದೇಶಕ್ಕಾಗಲಿ, ಪಂಗಡಕ್ಕಾಗಲಿ, ಪಕ್ಷಕ್ಕಾಗಲಿ ಹೆಸರಿಟ್ಟಿಲ್ಲ. ಹೋಲಿಕೆಗೆಂದು ನಡುವೆ ಬರುವ ಇತಿಹಾಸದ ವ್ಯಕ್ತಿಗಳು ಮಾತ್ರ ನಿಜದವರು.

ಹಿನ್ನೆಲೆ

ಅವರು ಕೈಗಾರಿಕಾ ಪ್ರದೇಶವೊಂದರ ಪ್ರೊಟೆಸ್ಟೆಂಟ್ ಸಭೆಯಲ್ಲಿ (ಚರ್ಚ್‌ನಲ್ಲಿ) 14 ವರ್ಷ ಪಾಲಕರಾಗಿದ್ದರು, ಅಂದರೆ ಪಾಸ್ಟರ್ ಆಗಿದ್ದರು. ಆ ಅವಧಿಯಲ್ಲಿ ಒಂಬತ್ತು ವಾರ ನಡೆದ ಒಂದು ಮುಷ್ಕರ ಅವರ ಬದುಕಿನ ದಿಕ್ಕನ್ನೇ ಬದಲಿಸಿತು. ಸಂಬಳವಿಲ್ಲದೆ ಕೂತ ಕುಟುಂಬಗಳಿಗಾಗಿ ಅವರು ದೇವಾಲಯದ ಸಭಾಂಗಣದಲ್ಲಿ ಅಡುಗೆ ಹೂಡಿದರು. ಒಲೆ, ಪಾತ್ರೆ ಹೊಂದಿಸಿಕೊಡಲು ಬಂದ ಕಾರ್ಮಿಕ ಸಂಘದ ಸಂಘಟಕನೇ ಮುಂದೆ ಅವರ ಪತಿಯಾದರು. ಆತ ದೇವರನ್ನು ನಂಬುವವರಲ್ಲ, ನಂಬುವಂತೆ ನಟಿಸುವವರೂ ಅಲ್ಲ. ಮದುವೆಗೆ ಮುಂಚೆ ಇಬ್ಬರೂ ಮಾಡಿಕೊಂಡ ಒಪ್ಪಂದ ಸರಳವಾಗಿತ್ತು: ಆತ ಭಾನುವಾರದ ಆರಾಧನೆಗೆ ಬರುವುದಿಲ್ಲ, ಆಕೆ ಬಾ ಎಂದು ಕರೆಯುವುದಿಲ್ಲ, ಮೇ ದಿನದ ಮೆರವಣಿಗೆಯನ್ನು ಆಕೆ ತಪ್ಪಿಸುವುದಿಲ್ಲ, ಊಟಕ್ಕೆ ಮುಂಚಿನ ಪ್ರಾರ್ಥನೆ ಮುಗಿಯುವವರೆಗೆ ಆತ ಚಮಚ ಎತ್ತುವುದಿಲ್ಲ.

ಪಕ್ಷ ಹುಟ್ಟಿದ್ದು ಈ ಮನೆಯಲ್ಲಿ ಎಂದರೆ ಅತಿಶಯೋಕ್ತಿಯಲ್ಲ. ಅಲ್ಲಿನ ಎಡಪಕ್ಷಗಳಿಗೆ ದೇವಾಲಯವೆಂದರೆ ಮಾಲೀಕರ ಪಾಳೆಯ, ಧಾರ್ಮಿಕ ಪಕ್ಷಗಳಿಗೆ ಬಡತನವೆಂದರೆ ದಾನಧರ್ಮದ ವಿಷಯ. ದುಡಿಯುವವರಲ್ಲಿ ಬಹುಪಾಲು ಜನ ಶ್ರದ್ಧಾವಂತರು ಎಂಬ ಕಣ್ಣೆದುರಿನ ಸಂಗತಿಯನ್ನು ಎರಡೂ ಕಡೆಯವರು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಇಂಥ ಪ್ರಯತ್ನ ಲೋಕಕ್ಕೆ ಹೊಸದೇನೂ ಅಲ್ಲ. ಕಾರ್ಮಿಕರು ಸಂಘ ಕಟ್ಟಿಕೊಳ್ಳುವ ಹಕ್ಕನ್ನು ಪೋಪ್ ಹದಿಮೂರನೆಯ ಲಿಯೋ 1891ರಷ್ಟು ಹಿಂದೆಯೇ ಎತ್ತಿಹಿಡಿದಿದ್ದರು. ಕೆನಡಾದ ವೇಬರ್ನ್‌ನಲ್ಲಿ ಬ್ಯಾಪ್ಟಿಸ್ಟ್ ಪಾಲಕರಾಗಿದ್ದ ಟಾಮಿ ಡಗ್ಲಸ್ 1935ರಲ್ಲಿ ಸಂಸತ್ತಿಗೆ ಹೋಗಿ, 1944ರಿಂದ 1961ರವರೆಗೆ ಸಸ್ಕ್ಯಾಚೆವಾನ್ ಪ್ರಾಂತ್ಯದ ಸರ್ಕಾರ ನಡೆಸಿದರು. 1947ರಲ್ಲಿ ಅಲ್ಲಿ ಜಾರಿಗೆ ಬಂದ ಸಾರ್ವಜನಿಕ ಆಸ್ಪತ್ರೆ ವಿಮೆಯೇ ಮುಂದೆ ಇಡೀ ದೇಶದ ಆರೋಗ್ಯ ವ್ಯವಸ್ಥೆಗೆ ಬುನಾದಿಯಾಯಿತು. ನಮ್ಮ ನಾಯಕಿಯ ಕೋಣೆಯ ಗೋಡೆಯ ಮೇಲೆ ಡಗ್ಲಸ್‌ರ ಚಿತ್ರವಿತ್ತು ಎಂದು ಊಹಿಸಿಕೊಳ್ಳಬಹುದು.

ರಾಜಕೀಯಕ್ಕೆ ಇಳಿದಾಗ ಅವರ ಮುಂದೆ ಬಂದ ಮೊದಲ ಪ್ರಶ್ನೆ ದೀಕ್ಷೆಯದು: ಪಾಲಕರಾಗಲು ಪಡೆದ ದೀಕ್ಷೆಯನ್ನು ಇಟ್ಟುಕೊಂಡೇ ರಾಜಕೀಯ ಮಾಡಬಹುದೇ? ಕ್ಯಾಥೊಲಿಕ್ ಸಭೆಯಲ್ಲಾಗಿದ್ದರೆ ಉತ್ತರ ಸಿದ್ಧವಾಗಿಯೇ ಇರುತ್ತಿತ್ತು. ಆ ಸಭೆಯ ಕಾನೂನು ಗ್ರಂಥವಾದ 1983ರ ಧರ್ಮಸಂಹಿತೆಯ 285ನೆಯ ವಿಧಿಯ ಪ್ರಕಾರ ಗುರುಗಳು (ಪಾದ್ರಿಗಳು) ರಾಜ್ಯಾಧಿಕಾರವುಳ್ಳ ಸಾರ್ವಜನಿಕ ಹುದ್ದೆ ಹಿಡಿಯುವಂತಿಲ್ಲ. ನಿಕಾರಾಗುವಾದ ಕ್ರಾಂತಿ ಸರ್ಕಾರದಲ್ಲಿ ಸಂಸ್ಕೃತಿ ಸಚಿವರಾಗಿದ್ದ ಕವಿ, ಗುರು ಅರ್ನೆಸ್ಟೊ ಕಾರ್ಡೆನಾಲ್‌ರನ್ನು ಪೋಪ್ ಎರಡನೆಯ ಜಾನ್ ಪಾಲ್ 1983ರಲ್ಲಿ ಮನಾಗುವಾ ವಿಮಾನ ನಿಲ್ದಾಣದಲ್ಲಿ ಎಲ್ಲರ ಎದುರೇ ಬೆರಳೆತ್ತಿ ಗದರಿದ್ದರು. ನಂತರ ಅವರ ಮೇಲೆ ಬಿದ್ದ ಅಮಾನತು ತೆರವಾದದ್ದು 2019ರಲ್ಲಿ. ನಮ್ಮ ನಾಯಕಿಯ ಸಭೆಯ ನಿಯಮ ಇಷ್ಟು ಬಿಗಿಯಿರಲಿಲ್ಲ. ಪ್ರಸಂಗಪೀಠ, ಅಂದರೆ ಆರಾಧನೆಯಲ್ಲಿ ಉಪದೇಶ ಮಾಡುವ ಪೀಠ, ಬಿಟ್ಟುಕೊಡಬೇಕು, ಆದರೆ ದೀಕ್ಷೆ ಉಳಿಯುತ್ತದೆ. ಯಾರಾದರೂ ಕರೆದರೆ ಮದುವೆ ಮಾಡಿಸಬಹುದು, ಮಣ್ಣಿಗೂ ಹೋಗಬಹುದು. ಅವರು ಹಾಗೆಯೇ ನಡೆದುಕೊಂಡರು. ಪಕ್ಷದ ಅಧ್ಯಕ್ಷೆಯಾದ ಮೇಲೂ ಹಳೆಯ ಸಭೆಯವರಿಗೆ ಅವರು ‘ಪಾಲಕರೇ’ ಆಗಿದ್ದರು. ಪಕ್ಷದ ಖಜಾಂಚಿಯೂ ಆ ಹಳೆಯ ಸಭೆಯವರೇ. ಅವರ ಹೆಂಡತಿ ತೀರಿಕೊಂಡಾಗ ಸಮಾಧಿಯ ಬಳಿ ನಿಂತು ಪ್ರಾರ್ಥನೆ ನಡೆಸಿದ್ದು ಇದೇ ನಾಯಕಿ.

ಗೆದ್ದ ಒಂದು ಪರೀಕ್ಷೆ

ಮುಂದಿನ ಕಥೆ ಸೋಲಿನದಾದ್ದರಿಂದ ಅವರು ಚೆನ್ನಾಗಿ ನಿಭಾಯಿಸಿದ ಒಂದು ಸಂಗತಿಯನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಧರ್ಮಶ್ರದ್ಧೆಯುಳ್ಳ ನಾಯಕರನ್ನು ಪತ್ರಕರ್ತರು ಕೆಡವುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆಯಿಂದ: ಇಂಥದ್ದು ನಿಮ್ಮ ಪ್ರಕಾರ ಪಾಪವೋ ಅಲ್ಲವೋ? ಬ್ರಿಟನ್ನಿನ ಲಿಬರಲ್ ಡೆಮೊಕ್ರಾಟ್ ನಾಯಕ ಟಿಮ್ ಫ್ಯಾರನ್ ಸಲಿಂಗ ಸಂಬಂಧದ ಬಗ್ಗೆ ಇಂಥದೇ ಪ್ರಶ್ನೆಯನ್ನು ಮತ್ತೆ ಮತ್ತೆ ಎದುರಿಸಿದರು. 2017ರ ಜೂನ್‌ನಲ್ಲಿ ರಾಜೀನಾಮೆ ಕೊಡುವಾಗ, ನಿಷ್ಠಾವಂತ ಕ್ರೈಸ್ತನಾಗಿ ಬಾಳುವುದು ಮತ್ತು ರಾಜಕೀಯ ನಾಯಕನಾಗಿರುವುದು ಇವೆರಡರ ನಡುವೆ ತಾವು ಹರಿದುಹೋಗಿರುವುದಾಗಿ ಹೇಳಿಕೊಂಡರು.

ನಮ್ಮ ನಾಯಕಿ ಇದಕ್ಕೆ ಮೊದಲೇ ಸಿದ್ಧರಾಗಿದ್ದರು. ಕೂಲಿ, ಬಾಡಿಗೆ, ತೆರಿಗೆಯಂಥ ಆರ್ಥಿಕ ವಿಷಯಗಳಲ್ಲಿ ಸದಸ್ಯರೆಲ್ಲರೂ ವಿಪ್‌ಗೆ ಬದ್ಧರು, ಜೀವ, ಮರಣ, ವಿವಾಹದಂಥ ವಿಷಯಗಳಲ್ಲಿ ಆತ್ಮಸಾಕ್ಷಿಯ ಮತ ಎಂದು ಪಕ್ಷದ ನಿಯಮಾವಳಿಯಲ್ಲೇ ಬರೆಸಿದ್ದರು. ಟೀವಿ ಸಂದರ್ಶನದಲ್ಲಿ ಆ ಪ್ರಶ್ನೆ ಬಂದಾಗ ಅವರ ಉತ್ತರ ಹೀಗಿತ್ತು: “ಪಾಪದ ಪ್ರಶ್ನೆಗೆ ಪ್ರಸಂಗಪೀಠದ ಮೇಲಿದ್ದಾಗ ಉತ್ತರ ಕೊಡುತ್ತಿದ್ದೆ. ಈಗ ಆ ಪೀಠದಲ್ಲಿಲ್ಲ. ಕಾನೂನಿನ ಪ್ರಶ್ನೆ ಕೇಳಿ, ಹೇಳುತ್ತೇನೆ.” ಕೆಲವರಿಗೆ ಇದು ನುಣುಚಿಕೊಂಡಂತೆ ಕಂಡಿತು. ನನಗೆ ಹಾಗೆ ಕಾಣುವುದಿಲ್ಲ. ಒಬ್ಬರೇ ವ್ಯಕ್ತಿ ಎರಡು ಪೀಠಗಳಲ್ಲಿ ಕೂತಿರುವಾಗ ಈ ಗಳಿಗೆಯಲ್ಲಿ ಯಾವುದರಿಂದ ಮಾತಾಡುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳುವುದು ಪ್ರಾಮಾಣಿಕತೆಯೇ. ಕ್ಯಾಮೆರಾದ ಮುಂದೆ ಇಷ್ಟು ಸ್ಪಷ್ಟವಾಗಿದ್ದ ಗೆರೆ ನಾಲ್ಕು ಗೋಡೆಗಳ ನಡುವೆ ಹೇಗೆ ಅಳಿಸಿಹೋಯಿತು ಎಂಬುದೇ ಈ ಪ್ರಕರಣ.

ಸಮಿತಿ ಮೌನವಾದದ್ದು

ಪಕ್ಷಕ್ಕೆ ಹನ್ನೊಂದು ವರ್ಷ ತುಂಬುವಾಗ ಅದು ಸಮ್ಮಿಶ್ರ ಸರ್ಕಾರವೊಂದರ ಚಿಕ್ಕ ಪಾಲುದಾರನಾಯಿತು. ನಾಯಕಿ ವಸತಿ ಖಾತೆಯ ಸಚಿವೆಯಾದರು. ಎರಡನೆಯ ಬಜೆಟ್‌ನಲ್ಲಿ ದೊಡ್ಡ ಪಾಲುದಾರ ಪಕ್ಷವು ಬಡವರ ಬಾಡಿಗೆ ನೆರವನ್ನು ಕಡಿತಗೊಳಿಸಲು ಪಟ್ಟುಹಿಡಿಯಿತು. ಸರ್ಕಾರದಿಂದ ಹೊರಬಂದರೆ ಕಡಿತ ಇನ್ನೂ ದೊಡ್ಡದಾಗುತ್ತದೆ, ಒಳಗಿದ್ದರೆ ಅದರ ಮೇಲೆ ನಮ್ಮ ರುಜುವೂ ಬೀಳುತ್ತದೆ. ಕೇಂದ್ರ ಸಮಿತಿ ಸರಿಸುಮಾರು ಅರ್ಧಕ್ಕೆ ಸೀಳಿತು. ನಾಯಕಿ ಸಭೆಯನ್ನು ಮರುದಿನಕ್ಕೆ ಮುಂದೂಡಿದರು. ಬೆಳಿಗ್ಗೆ ಬಂದವರೇ, ರಾತ್ರಿಯಿಡೀ ಪ್ರಾರ್ಥನೆಯಲ್ಲಿದ್ದೆ, ಒಳಗೇ ಉಳಿಯಬೇಕೆಂಬ ಉತ್ತರ ಸಿಕ್ಕಿದೆ ಎಂದರು.

ಆ ಮಾತಿನ ನಂತರ ಯಾರೂ ವಾದಿಸಲಿಲ್ಲ. ಪ್ರಾರ್ಥನೆಯಲ್ಲಿ ಸಿಕ್ಕ ಉತ್ತರಕ್ಕೆ ತಿದ್ದುಪಡಿ ಮಂಡಿಸುವುದು ಹೇಗೆ? ನಂಬುವವರಿಗೆ ಅದು ಅಪಚಾರ, ನಂಬದವರಿಗೆ ಒರಟುತನ. ನಿರ್ಧಾರ ಸರಿಯಿತ್ತೋ ತಪ್ಪಿತ್ತೋ ಎಂಬುದು ಬೇರೆ ವಿಷಯ, ಅದರ ಪರವಾಗಿ ಒಳ್ಳೆಯ ವಾದಗಳೇ ಇದ್ದವು. ಆ ವಾದಗಳನ್ನು ಮಂಡಿಸುವ ಬದಲು ಅವರು ಅಂತಃಸಾಕ್ಷಿಯನ್ನು ಮುಂದಿಟ್ಟರು. ಇತಿಹಾಸದಲ್ಲಿ ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೊಂದಿದೆ. ಬ್ರಿಟನ್ನಿನ ಲೇಬರ್ ಪಕ್ಷದ ನಾಯಕ ಜಾರ್ಜ್ ಲ್ಯಾನ್ಸ್‌ಬರಿ ಶ್ರದ್ಧಾವಂತ ಕ್ರೈಸ್ತ, ಯುದ್ಧವಿರೋಧಿ. 1935ರ ಬ್ರೈಟನ್ ಸಮಾವೇಶದಲ್ಲಿ, ಅಬಿಸೀನಿಯಾದ (ಇಂದಿನ ಇಥಿಯೋಪಿಯಾದ) ಮೇಲೆ ದಾಳಿಗೆ ಸಜ್ಜಾಗಿದ್ದ ಇಟಲಿಯ ವಿರುದ್ಧ ನಿರ್ಬಂಧ ಹೇರುವ ಪಕ್ಷದ ನಿಲುವು ತಮ್ಮ ಮನಸ್ಸಾಕ್ಷಿಗೆ ಒಗ್ಗುವುದಿಲ್ಲವೆಂದು ಅವರು ಬಹಿರಂಗವಾಗಿ ಹೇಳಿದರು. ಕಾರ್ಮಿಕ ನಾಯಕ ಅರ್ನೆಸ್ಟ್ ಬೆವಿನ್ ಎದ್ದು, ಮನಸ್ಸಾಕ್ಷಿಯನ್ನು ಸಭೆಯಿಂದ ಸಭೆಗೆ ಹೊತ್ತು ತಿರುಗಿ, ಇದನ್ನೇನು ಮಾಡಲಿ ಎಂದು ಕೇಳುವುದು ಸರಿಯಲ್ಲ ಎಂಬರ್ಥದಲ್ಲಿ ನಿರ್ದಯವಾಗಿ ಟೀಕಿಸಿದರು. ಲ್ಯಾನ್ಸ್‌ಬರಿ ಕೆಲವೇ ದಿನಗಳಲ್ಲಿ ನಾಯಕತ್ವ ಬಿಟ್ಟರು. ಬೆವಿನ್‌ರ ಮಾತು ಕ್ರೂರವೆಂದು ಇಂದಿಗೂ ಅನ್ನಿಸುತ್ತದೆ, ಆದರೆ ಆ ಪಕ್ಷದಲ್ಲಿ ನಾಯಕನ ಮನಸ್ಸಾಕ್ಷಿಗೂ ಎದುರುತ್ತರ ಕೊಡಬಲ್ಲವರು ಇದ್ದರು. ನಮ್ಮ ನಾಯಕಿಯ ಪಕ್ಷದಲ್ಲಿ ಅಂಥವರು ಆ ಬೆಳಿಗ್ಗೆಯ ನಂತರ ಉಳಿಯಲಿಲ್ಲ. ಹೀಗಾಗಿ, ಮುಂದೆ ನಿಜವಾಗಿಯೂ ಯಾರನ್ನಾದರೂ ಕೇಳಬೇಕಾಗಿ ಬಂದಾಗ ಕೇಳಲು ಒಂದು ಜಾಗವೇ ಇಲ್ಲದಂತಾಗಿತ್ತು.

ಬಾಗಿಲು

ಬಜೆಟ್ ಮುಗಿದ ಕೆಲವು ತಿಂಗಳಿಗೆ, ಒಂದು ಸಂಜೆ ಸಭೆ ಮುಗಿದು ಎಲ್ಲರೂ ಹೊರಟ ಮೇಲೆ ಖಜಾಂಚಿ ಹಿಂದೆ ಉಳಿದರು. ಲೆಕ್ಕದ ಪುಸ್ತಕವನ್ನು ಮುಚ್ಚಿಕೊಂಡೇ ತಂದು ಮೇಜಿನ ಮೇಲಿಟ್ಟರು, ಅದರ ಮೇಲೆ ಕಪಾಟಿನ ಬೀಗದ ಕೈಗೊಂಚಲನ್ನು ಇಟ್ಟರು. ಕೂರಲಿಲ್ಲ. “ಪಾಲಕರೇ, ನಿಮಗೊಂದು ವಿಷಯ ಹೇಳಬೇಕು. ಪಾಲಕರಿಗೆ ಹೇಳುತ್ತಿದ್ದೇನೆ, ಅಧ್ಯಕ್ಷರಿಗಲ್ಲ” ಎಂದರು.

ನಾಯಕಿ ಎದ್ದು ಹೋಗಿ ಬಾಗಿಲು ಮುಚ್ಚಿದರು. 14 ವರ್ಷ ದೇವಾಲಯದ ಪಕ್ಕದ ಕೋಣೆಯಲ್ಲಿ, ಯಾರಾದರೂ ಭಾರ ಹೊತ್ತ ಮುಖದಿಂದ ಒಳಗೆ ಬಂದಾಗೆಲ್ಲ ಅವರು ಮಾಡುತ್ತಿದ್ದದ್ದು ಅದನ್ನೇ. ಯೋಚಿಸಿ ಮಾಡಿದ್ದಲ್ಲ, ಕೈಗೆ ಬಂದ ಅಭ್ಯಾಸ. ಖಜಾಂಚಿ ಹೇಳಿದ್ದಿಷ್ಟು: ಪಕ್ಷವೂ ಕಾರ್ಮಿಕ ಸಂಘವೂ ಜಂಟಿಯಾಗಿ ನಡೆಸುತ್ತಿದ್ದ ಮುಷ್ಕರ ಪರಿಹಾರ ನಿಧಿಯಿಂದ, ಹೆಂಡತಿಯ ಕಾಯಿಲೆಯ ಕಾಲದಲ್ಲಿ ಮಾಡಿದ್ದ ಸಾಲ ತೀರಿಸಲು ಅವರು ಹಣ ತೆಗೆದಿದ್ದರು. ಒಮ್ಮೆಯಲ್ಲ, ಮೂರು ಸಲ. ಹಿಂದಿರುಗಿಸುವ ಉದ್ದೇಶವಿತ್ತು, ಆಗಿರಲಿಲ್ಲ. ಆ ನಿಧಿಗೆ ಮೂವರು ನಿರ್ವಾಹಕರಿದ್ದರು, ಅವರಲ್ಲಿ ಒಬ್ಬರು ನಾಯಕಿಯ ಪತಿ.

ಕೇಳಿದ್ದನ್ನು ಹೊರಗೆ ಹೇಳಬಾರದೆಂಬ ನಿಯಮ ಎಲ್ಲ ಕಡೆ ಒಂದೇ ತೆರನಲ್ಲ. ಕ್ಯಾಥೊಲಿಕ್ ಧರ್ಮಸಂಹಿತೆಯ 983ನೆಯ ವಿಧಿಯ ಪ್ರಕಾರ ಪಾಪನಿವೇದನೆಯ ಗುಟ್ಟನ್ನು ಯಾವ ಕಾರಣಕ್ಕೂ ಬಯಲು ಮಾಡುವಂತಿಲ್ಲ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಸಾಮಾನ್ಯವಾಗಿ ಅದು ಸಂಸ್ಕಾರವಲ್ಲ, ಪಾಲಕರು ಕಾಯಬೇಕಾದ ವಿಶ್ವಾಸ. ನಾಯಕಿಯ ಸಭೆಯ ಕೈಪಿಡಿಯಲ್ಲಿ ಇದರ ಬಗ್ಗೆ ಇನ್ನೊಂದು ಸಾಲೂ ಇತ್ತು: ಯಾರ ಮೇಲೆ ಪಾಲಕರಿಗೆ ಲೌಕಿಕವಾದ ಅಧಿಕಾರವಿದೆಯೋ ಅವರ ನಿವೇದನೆಯನ್ನು ಬೇರೊಬ್ಬ ಪಾಲಕರು ಕೇಳತಕ್ಕದ್ದು. ಅದನ್ನು ಅವರು ದೀಕ್ಷೆಗೆ ಮುಂಚೆ ಓದಿದ್ದರು. ಆ ಸಂಜೆ ನೆನಪಾಗಲಿಲ್ಲ.

ಏನೇನು ಮಾಡಿ ನೋಡಿದರು

ಮುಂದಿನ ಏಳು ತಿಂಗಳಲ್ಲಿ ನಾಯಕಿ ಮೂರು ದಾರಿ ಹಿಡಿದರು. ಮೊದಲನೆಯದಾಗಿ, ಖಜಾಂಚಿ ತಿಂಗಳು ತಿಂಗಳು ಕಂತು ಕಟ್ಟಿ ಹಣ ತುಂಬಬೇಕು, ಆರೋಗ್ಯದ ಕಾರಣ ಹೇಳಿ ಹುದ್ದೆ ಬಿಡಬೇಕು ಎಂದು ಮಾತಾಯಿತು. ಮೂರು ಕಂತು ಬಂತು, ನಾಲ್ಕನೆಯದು ಬರಲಿಲ್ಲ.

ಎರಡನೆಯದಾಗಿ, ತಮಗಿಂತ ಹಿರಿಯರಾದ ಒಬ್ಬ ಪಾಲಕರ ಬಳಿ ಹೆಸರು ಹೇಳದೆ ಸಲಹೆ ಕೇಳಿದರು. ಅವರು ಕೊಟ್ಟ ಸಲಹೆ ಈ ಇಡೀ ಪ್ರಕರಣದಲ್ಲೇ ಅತ್ಯಂತ ವಿವೇಕದ್ದು: ಗುಟ್ಟನ್ನು ನೀವು ಹೇಳಬೇಡಿ, ಆತನೇ ಹೇಳುವಂತೆ ಮಾಡಿ, ಹೇಳುವ ದಿನ ಅವನ ಪಕ್ಕದ ಕುರ್ಚಿಯಲ್ಲಿ ನೀವು ಕೂತಿರಿ. ನಾಯಕಿ ಒಪ್ಪಿಕೊಂಡೇ ಬಂದರು. ಆದರೆ ಉಪಚುನಾವಣೆ ಹತ್ತಿರವಿತ್ತು, ಅದು ಮುಗಿಯಲಿ ಎಂದರು. ಅದು ಮುಗಿದಾಗ ಸಮಾವೇಶ ಬಂತು. ಪಾಲಕರ ಕರ್ತವ್ಯವೆಂದು ಶುರುವಾದ ಮೌನ ಯಾವ ಹಂತದಲ್ಲಿ ಪಕ್ಷದ ಅನುಕೂಲದ ಮೌನವಾಯಿತು ಎಂದು ಅವರಿಗೇ ಗೊತ್ತಾಗಲಿಲ್ಲ. ಈ ಪ್ರಕರಣದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಈ ಜಾರುವಿಕೆಯೇ, ಏಕೆಂದರೆ ಹೊರಗಿನಿಂದ ನೋಡಿದರೆ ಎರಡೂ ಮೌನಗಳು ಒಂದೇ ಥರ ಇರುತ್ತವೆ.

ಮೂರನೆಯದಾಗಿ, ತಮ್ಮ ಸಂಬಳದಿಂದಲೇ ಎರಡು ಬಾರಿ ನಿಧಿಗೆ ಹಣ ಹಾಕಿದರು. ಕೊರತೆ ತುಂಬಿದರೆ ಬಡವರಿಗೆ ಅನ್ಯಾಯವಾಗುವುದಿಲ್ಲ ಎಂಬುದು ಅವರ ಲೆಕ್ಕ. ಪಾಲಕರ ದೃಷ್ಟಿಯಲ್ಲಿ ಅದು ಇನ್ನೊಬ್ಬರ ಭಾರಕ್ಕೆ ಹೆಗಲು ಕೊಡುವುದು, ಲೆಕ್ಕಪರಿಶೋಧಕರ ದೃಷ್ಟಿಯಲ್ಲಿ ಅಕ್ರಮವನ್ನು ಮುಚ್ಚಿಹಾಕುವುದು.

ಇದೇ ಅವಧಿಯಲ್ಲಿ ಮನೆಯಲ್ಲೊಂದು ಚಿಕ್ಕ ಮಾತುಕತೆ ನಡೆಯಿತು. ತ್ರೈಮಾಸಿಕ ಲೆಕ್ಕಪತ್ರಕ್ಕೆ ಸಹಿ ಹಾಕುವ ಹಿಂದಿನ ರಾತ್ರಿ, ಊಟಕ್ಕೆ ಕೂತಿದ್ದಾಗ ಪತಿ ಕೇಳಿದರು: “ನಿಧಿಯ ಲೆಕ್ಕ ಎಲ್ಲ ಸರಿಯಿದೆ ತಾನೆ?” ನಾಯಕಿ ಹೇಳಿದರು: “ಖಜಾಂಚಿ ನೋಡಿಕೊಳ್ಳುತ್ತಿದ್ದಾರೆ.” ಆ ವಾಕ್ಯದಲ್ಲಿ ಸುಳ್ಳಿನ ಒಂದಕ್ಷರವೂ ಇರಲಿಲ್ಲ. ಪತಿ ಮರುದಿನ ಸಹಿ ಹಾಕಿದರು.

ಏನಾಯಿತು

ವಾರ್ಷಿಕ ಲೆಕ್ಕಪರಿಶೋಧನೆಯಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಖಜಾಂಚಿ ತೆಗೆದ ಹಣವಲ್ಲ, ನಾಯಕಿಯ ಸ್ವಂತ ಖಾತೆಯಿಂದ ಕಾರಣವಿಲ್ಲದೆ ಬಂದ ಎರಡು ಜಮೆಗಳು. ಆ ಎಳೆ ಹಿಡಿದು ಹೋದಾಗ ಉಳಿದದ್ದೆಲ್ಲ ಹೊರಬಿತ್ತು. ಸಮಿತಿಗೆ ವರದಿ ತಲುಪುವ ಮೊದಲೇ ಸುದ್ದಿ ಪತ್ರಿಕೆಗೆ ಸೋರಿತು. ಪತಿಗೆ ವಿಷಯ ಗೊತ್ತಾದದ್ದು ಬೆಳಗಿನ ಪತ್ರಿಕೆಯಿಂದ, ತಾವು ಸಹಿ ಹಾಕಿದ ಲೆಕ್ಕಪತ್ರದ ಚಿತ್ರದೊಂದಿಗೆ. ಆತ ಜಗಳವಾಡಲಿಲ್ಲ. ಒಂಬತ್ತು ವಾರ ಉಪವಾಸ ಕೂತವರು ಮುಂದಿನವರಿಗಾಗಿ ಕೂಡಿಟ್ಟ ದುಡ್ಡದು ಎಂದಷ್ಟೇ ಹೇಳಿ, ಸಂಘದ ಕಚೇರಿಗೆ ಹೋಗಿ ನಡೆದದ್ದನ್ನು ಬರೆದುಕೊಟ್ಟರು. ಊಟದ ಮೇಜಿನ ಆ ಪ್ರಶ್ನೋತ್ತರವೂ ಅದರಲ್ಲಿತ್ತು.

ನಾಯಕಿ ಮರುದಿನವೇ ರಾಜೀನಾಮೆ ಕೊಟ್ಟರು. ಸಮಿತಿ ಎರಡು ವಾರ ತಡೆದು ನೋಡಿ ಎಂದಿತು, ಅವರು ಒಪ್ಪಲಿಲ್ಲ. ಇಲ್ಲೊಂದು ಮಾತು ಹೇಳಬೇಕು. ಧರ್ಮದ ನೆಲೆಯಿಂದ ಬಂದ ರಾಜಕಾರಣಿಗೆ ಅಧಿಕಾರ ತ್ಯಜಿಸುವುದೇ ಬಲವಾದ ಅಸ್ತ್ರವಾಗಬಲ್ಲದು. ಹರಿಯಾಣದಲ್ಲಿ ಸಚಿವರಾಗಿದ್ದ ಸಂನ್ಯಾಸಿ ಸ್ವಾಮಿ ಅಗ್ನಿವೇಶ್ ಕಾರ್ಮಿಕರ ಮೇಲೆ ಪೊಲೀಸರು ಗುಂಡು ಹಾರಿಸಿದ್ದನ್ನು ಪ್ರತಿಭಟಿಸಿ ಹೊರಬಂದು, 1981ರಲ್ಲಿ ಜೀತವಿಮುಕ್ತಿಗಾಗಿ ಬಂಧುವಾ ಮುಕ್ತಿ ಮೋರ್ಚಾ ಕಟ್ಟಿದರು. ಬಾಡಿಗೆ ನೆರವಿನ ಕಡಿತದ ದಿನ ನಮ್ಮ ನಾಯಕಿಗೂ ಅಂಥ ಅವಕಾಶವಿತ್ತು. ಆಗ ಉಳಿದರು, ಹೊರಡಲೇಬೇಕಾಗಿ ಬಂದಾಗ ಹೊರಟದ್ದರಲ್ಲಿ ಯಾವ ಸಂದೇಶವೂ ಉಳಿದಿರಲಿಲ್ಲ.

ಮುಂದಿನ ಚುನಾವಣೆಯಲ್ಲಿ ಪಕ್ಷ ಅರ್ಧದಷ್ಟು ಸ್ಥಾನ ಕಳೆದುಕೊಂಡಿತು. ಖಜಾಂಚಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು. ಪೂರ್ತಿ ಹಣ ತುಂಬುವ ಷರತ್ತಿನ ಮೇಲೆ ಶಿಕ್ಷೆ ಅಮಾನತಾಯಿತು. ದಂಪತಿ ಬೇರೆ ಬೇರೆ ಮನೆ ಮಾಡಿದರು, ವಿಚ್ಛೇದನ ಪಡೆಯಲಿಲ್ಲ. ಕಾಲೇಜು ಓದುತ್ತಿದ್ದ ಮಗ ರಜೆಯ ದಿನಗಳನ್ನು ಇಬ್ಬರಿಗೂ ಪಾಲು ಮಾಡುತ್ತಿದ್ದ.

ಎಲ್ಲಿ ತಪ್ಪಿತು

ಈ ಪ್ರಕರಣವನ್ನು ಓದಿದವರು ಸಾಮಾನ್ಯವಾಗಿ ಬೆರಳಿಡುವುದು ಬ್ಯಾಂಕಿನ ಎರಡು ಜಮೆಗಳ ಮೇಲೆ, ಏಕೆಂದರೆ ಅವು ಕಾಗದದ ಮೇಲಿವೆ. ಇನ್ನು ಕೆಲವರು ಊಟದ ಮೇಜಿನ ಉತ್ತರದ ಮೇಲೆ. ಎರಡೂ ತಪ್ಪುಗಳೇ, ಆದರೆ ಎರಡೂ ಆ ಸಂಜೆ ಮುಚ್ಚಿದ ಬಾಗಿಲಿನ ಹಿಂದಿನಿಂದ ಬಂದವು. ಖಜಾಂಚಿ ತಮಗೆ ತಿಳಿದೋ ತಿಳಿಯದೆಯೋ ಒಂದು ಷರತ್ತು ಹಾಕಿದರು, ನಾಯಕಿ ಎದ್ದು ಬಾಗಿಲು ಮುಚ್ಚಿ ಅದಕ್ಕೆ ಒಪ್ಪಿಗೆ ಕೊಟ್ಟರು. ಅಲ್ಲಿಂದ ಮುಂದೆ ಸರಿಯಾದ ದಾರಿಯೇ ಉಳಿದಿರಲಿಲ್ಲ: ಹೇಳಿದರೆ ಪಾಲಕರಾಗಿ ದ್ರೋಹ, ಸುಮ್ಮನಿದ್ದರೆ ಅಧ್ಯಕ್ಷೆಯಾಗಿ ದ್ರೋಹ. ಷರತ್ತು ಕಿವಿಗೆ ಬಿದ್ದ ಕೂಡಲೇ, ವಿಷಯ ಬಾಯಿಗೆ ಬರುವ ಮೊದಲೇ, “ಸ್ವಲ್ಪ ನಿಲ್ಲಿ. ಈ ಕೋಣೆಯಲ್ಲಿ ನಾನು ಅಧ್ಯಕ್ಷೆ. ಪಾಲಕರು ಬೇಕಿದ್ದರೆ ಈಗಲೇ ಬೇರೊಬ್ಬರ ಬಳಿ ಕರೆದುಕೊಂಡು ಹೋಗುತ್ತೇನೆ” ಎನ್ನಲು ಹತ್ತು ಸೆಕೆಂಡು ಸಾಕಿತ್ತು. ಟೀವಿಯ ಮುಂದೆ ಅವರು ಹೇಳಿದ್ದು ಇದನ್ನೇ ಅಲ್ಲವೆ? ಎದುರಾಳಿಯ ಮುಂದೆ ಎಳೆದ ಗೆರೆಯನ್ನು ಕಣ್ಣು ತುಂಬಿಕೊಂಡು ನಿಂತ ಹಳೆಯ ಸಭಿಕನ ಮುಂದೆ ಎಳೆಯಲು ಮನಸ್ಸು ಬರಲಿಲ್ಲ. ಅದನ್ನು ದೌರ್ಬಲ್ಯ ಎನ್ನಲು ನನಗೂ ಮನಸ್ಸು ಬರುವುದಿಲ್ಲ, ಅವರನ್ನು ಜನ ನಂಬಿದ್ದೇ ಆ ಗುಣಕ್ಕಾಗಿ.

ಆದ್ದರಿಂದ ಪಕ್ಷ ಆಮೇಲೆ ಮಾಡಿಕೊಂಡ ತಿದ್ದುಪಡಿಗಳು ಗುಣದ ಮೇಲೆ ಭಾರ ಹಾಕದೆ ವ್ಯವಸ್ಥೆಯ ಮೇಲೆ ಹಾಕಿದವು. ದೀಕ್ಷೆ ಪಡೆದವರು ಪದಾಧಿಕಾರಿಯಾದರೆ, ಆ ಅವಧಿಯಲ್ಲಿ ಪಕ್ಷದ ಸದಸ್ಯರಿಗೆ ಪಾಲಕರ ಸೇವೆ ಸಲ್ಲಿಸುವಂತಿಲ್ಲ. ಅದಕ್ಕಾಗಿ ಪಕ್ಷದ ಹೊರಗಿನ ಪಾಲಕರೊಬ್ಬರನ್ನು ಗೊತ್ತುಮಾಡಲಾಯಿತು. ಹಣದ ವಿಷಯದಲ್ಲಿ ಯಾವ ಪದಾಧಿಕಾರಿಗೆ ಏನು ಹೇಳಿದರೂ ಅದು ಸಮಿತಿಗೆ ಹೇಳಿದಂತೆ ಎಂದು ನಿಯಮಾವಳಿಗೆ ಸೇರಿಸಿದರು. ಸಮಿತಿಯಲ್ಲಿ ಯಾರೂ ತಮ್ಮ ಪ್ರಾರ್ಥನೆಯನ್ನು ಕಾರಣವಾಗಿ ಮಂಡಿಸಬಾರದು ಎಂಬ ಸೂಚನೆಯೂ ಬಂತು, ಆದರೆ ಬಿಸಿ ಚರ್ಚೆಯ ನಂತರ ಅದು ಒಂದು ಮತದಿಂದ ಬಿದ್ದುಹೋಯಿತು. ಧರ್ಮಶ್ರದ್ಧೆಯ ಪಕ್ಷದಲ್ಲಿ ಪ್ರಾರ್ಥನೆಯ ಮಾತೇ ಬರಬಾರದೆಂದರೆ ಪಕ್ಷವೇಕೆ ಎಂದು ಕೇಳಿದವರಿಗೆ ಸರಿಯಾದ ಉತ್ತರ ಯಾರ ಬಳಿಯೂ ಇರಲಿಲ್ಲ.

ನಾಯಕಿ ಈಗ ಹಳೆಯ ದೇವಾಲಯದಲ್ಲಿ ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಖಜಾಂಚಿ ಪ್ರತಿ ತಿಂಗಳು ಸಂಘದ ಕಚೇರಿಗೆ ಬಂದು ಕಂತು ಕಟ್ಟುತ್ತಾರೆ. ರಸೀದಿ ಬರೆದುಕೊಡುವುದು ನಿಧಿಯ ನಿರ್ವಾಹಕರಾಗಿ ಉಳಿದಿರುವ ನಾಯಕಿಯ ಪತಿಯೇ. ಬಾಬ್ತು ಎಂಬ ಕಡೆ ‘ಸಾಲ ಮರುಪಾವತಿ’ ಎಂದು ಬರೆದರೆ ಆ ಮುದುಕನ ಮರ್ಯಾದೆ ಸ್ವಲ್ಪ ಉಳಿಯುತ್ತದೆ ಎಂದು ನಾಯಕಿ ಮಗನ ಮೂಲಕ ಹೇಳಿಕಳಿಸಿದ್ದರು. ಯಾರೂ ಸಾಲ ಕೊಟ್ಟಿರಲಿಲ್ಲವಲ್ಲ ಎಂದು ಪತಿ ಉತ್ತರ ಕಳಿಸಿದರು. ರಸೀದಿಗಳಲ್ಲಿ ಇಂದಿಗೂ ‘ನಿಧಿಗೆ ವಾಪಸು’ ಎಂದೇ ಇದೆ.